ಸತ್ತ ವೈರು

ಬಣ್ಣ ಬಳಿಯುವವನು ಮನೆಯನ್ನು ಒಂದು ಸುತ್ತು ಹಾಕಿ ಬಂದು, "ಸಾರ್, ಇದ್ನೆಲ್ಲಾ ಕಿತ್ತಾಕ್ಸಿ. ಆಮೇಲೆ ಫೋನ್ ಮಾಡಿ, ಬತ್ತೀನಿ" ಎಂದು ಗಾಡಿ ಹತ್ತಿ ಹೊರಟೇಹೋದ.

ಇದನ್ನೆಲ್ಲಾ ಎಂದು ಅವನು ಕೈ ತೋರಿಸಿದ್ದು ಹೊರಗೋಡೆಯ ಮೇಲಿನ ವೈರುಗಳ ಕಡೆಗೆ. ಹುಟ್ಟಿದಾಗಿನಿಂದ ನೋಡಿದ ಗೋಡೆ. ಅದರ ಮೇಲೆ ಅಷ್ಟೊಂದು ವೈರುಗಳಿವೆ ಎಂದು ಅವನು ಹೇಳುವವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಅಂಗಳದಲ್ಲಿ ನಿಂತು ಎಣಿಸಿದೆ. ಮುಂಬಾಗಿಲ ಎಡಕ್ಕೆ ಮರದ ಪಟ್ಟಿಯ ಮೇಲೆ ತಗಡಿನ ಕ್ಲಿಪ್ಪು ಮಡಿಸಿ ಎಳೆದಿದ್ದ ಹಳೇ ವೈರು. ಕೊಟ್ಟಿಗೆಯ ಬಲ್ಬಿಗೆ ಹೋಗುತ್ತಿದ್ದದ್ದು. ಕೊಟ್ಟಿಗೆ ಬಿದ್ದು ಹನ್ನೆರಡು ವರ್ಷವಾಗಿದೆ. ಪಕ್ಕದಲ್ಲೇ ಲ್ಯಾಂಡ್‌ಲೈನ್ ಫೋನಿನ ವೈರು, ಫೋನು ಎಲ್ಲಿದೆಯೋ ದೇವರೇ ಬಲ್ಲ. ಹೆಂಚಿನ ಸಂದಿನಿಂದ ಇಳಿದ ಟೀವಿ ಆಂಟೆನಾದ ಚಪ್ಪಟೆ ವೈರು, ಅದರ ಮೇಲೆ ಕೇಬಲ್ಲಿನ ಕಪ್ಪು ವೈರು, ಅದರ ಮೇಲೆ ಡಿಶ್ಶಿನ ಬಿಳಿ ವೈರು. ಮೂಲೆಯಲ್ಲಿ ಕೊಡೆಯ ಹಿಡಿಯಂತೆ ತಲೆ ಬಾಗಿಸಿದ ಕಬ್ಬಿಣದ ಪೈಪು, ಅದಕ್ಕೆ ಕಟ್ಟಿದ ಪಿಂಗಾಣಿ. ಊರಿಗೆ ಕರೆಂಟು ಬಂದಾಗ ಕಂಬದಿಂದ ಮೊದಲ ವೈರು ಇಳಿದದ್ದು ಆ ಪೈಪಿನೊಳಗೆ. ಈಗಿನ ಸರ್ವಿಸ್ ವೈರು ಬೇರೆ ಕಡೆಯಿಂದ ಬರುತ್ತದೆ.

ಕೊನೆಯದು ಸಂದಿಯ ಕಡೆ ಗೋಡೆಯ ಮೇಲೆ, ಸೂರಿನ ಕೆಳಗೆ. ಮೀಟರ್ ಬೋರ್ಡಿನ ಬೆನ್ನಿಗೆ ಗೋಡೆ ಕೊರೆದು ಹೊರಬಂದ ಎರಡು ವೈರು, ನಮ್ಮ ಗೋಡೆಯುದ್ದಕ್ಕೂ ಹೋಗಿ, ಒಂದು ಕಬ್ಬಿಣದ ತಂತಿಯ ಆಸರೆಯಲ್ಲಿ ಸಂದಿ ದಾಟಿ, ಚಿಕ್ಕಪ್ಪನ ಮನೆಯ ಗೋಡೆ ಮುಟ್ಟುತ್ತಿದ್ದವು.

ಮಿಕ್ಕವನ್ನೆಲ್ಲ ಅವತ್ತು ಹೊಸದಾಗಿ ನೋಡಿದೆ. ಇದೊಂದನ್ನು ಮಾತ್ರ ಮೂವತ್ತೈದು ವರ್ಷದಿಂದ ನೋಡುತ್ತಲೇ ಇದ್ದೆ.

ಯುಗಾದಿಗೆ ಇನ್ನು ಮೂರು ವಾರ ಇತ್ತು. ಅಪ್ಪ ತೀರಿಕೊಂಡು ಆರು ವರ್ಷ, ಚಿಕ್ಕಪ್ಪ ತೀರಿಕೊಂಡು ಎರಡು ವರ್ಷ. ಈ ಸಲ ಹಬ್ಬಕ್ಕೆ ಎಲ್ಲರೂ ಊರಿನಲ್ಲಿ ಸೇರುವುದೆಂದು ಮಾತಾಗಿತ್ತು. ಚಿಕ್ಕಪ್ಪನ ಮಗಳು, ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ, ಕೆ.ಆರ್. ಪೇಟೆಯಿಂದ ಬರುವವಳಿದ್ದಳು. ಅದಕ್ಕೇ ಬಣ್ಣ. ಪಕ್ಕದೂರಿನಲ್ಲಿ ಐ.ಟಿ.ಐ. ಮುಗಿಸಿ ವೈರಿಂಗ್ ಕೆಲಸ ಮಾಡುವ ಒಬ್ಬ ಹುಡುಗ ಇದ್ದ. ಅವನನ್ನು ಕರೆಸಿದೆ. ಒಬ್ಬನೇ ಕೀಳಬಹುದಿತ್ತು, ಆದರೆ ಕರೆಂಟಿನ ವಿಷಯದಲ್ಲಿ ನಾನು ಪುಕ್ಕಲ.

ಬೆಳಿಗ್ಗೆ ಮೇನ್ ಸ್ವಿಚ್ ಆರಿಸಿ ಶುರು ಮಾಡಿದೆವು. ಕೀಳುವುದು ಸುಲಭದ ಕೆಲಸ ಎಂದುಕೊಂಡಿದ್ದೆ. ನಮ್ಮದು ತಾತ ಕಟ್ಟಿಸಿದ ಮನೆ. ಒಳಗೆ ಮಣ್ಣಿನ ಗೋಡೆ, ಮೇಲೆ ಬೆರಳುದ್ದ ದಪ್ಪದ ಗಾರೆ. ಅಂಥ ಗೋಡೆಗೆ ಸ್ಕ್ರೂ ಕಚ್ಚುವುದಿಲ್ಲ. ಹಿಂದಿನವರು ಗೋಡೆಯಲ್ಲಿ ಚೌಕ ತೂತು ಮಾಡಿ, ಮರದ ಬೆಣೆ ಹೊಡೆದು, ಸುತ್ತ ಗಾರೆ ತುಂಬಿ, ಬೆಣೆಗೆ ಸ್ಕ್ರೂ ಕೂರಿಸಿದ್ದರು. ಹೊರಗೆ ಕಾಣುವುದು ಗುಂಡಿಯಷ್ಟು ಮರ. ಒಳಗಿನ ತುದಿ ಅಗಲ, ಹೊರಗಿನದು ಸಣ್ಣ. ಎಳೆದಷ್ಟೂ ಬಿಗಿಯುತ್ತದೆ. ನಾನು ಸಣ್ಣ ಹಾರೆ ಹಾಕಿ ಮೀಟಿದ ಮೊದಲ ಬೆಣೆ ತಟ್ಟೆಯಗಲದ ಗಾರೆಯನ್ನೇ ಕಿತ್ತುಕೊಂಡು ಬಂತು. ಒಳಗಿನ ಕೆಂಪು ಮಣ್ಣು ಪುಡಿಪುಡಿಯಾಗಿ ಚೆಲ್ಲಿತು.

"ಅಂಗ್ ಮೀಟ್ಬೇಡಿ ಅಣ್ಣ" ಎಂದ ಹುಡುಗ. ಉಳಿದದ್ದನ್ನು ಅವನು ಮಾಡಿದ ರೀತಿ ಬೇರೆ. ತುಕ್ಕು ಹಿಡಿದ ಸ್ಕ್ರೂಗಳಿಗೆಲ್ಲ ಮೊದಲು ಒಂದೊಂದು ತೊಟ್ಟು ಸೀಮೆಎಣ್ಣೆ ಬಿಟ್ಟು ಅರ್ಧ ಗಂಟೆ ಸುಮ್ಮನಿದ್ದ. ಆಮೇಲೆ ಬಿಚ್ಚುವ ಬದಲು ಒಂದೆಳೆ ಬಿಗಿ ಮಾಡಿದ. ತುಕ್ಕು ಟಕ್ಕೆಂದು ಬಿಟ್ಟ ಮೇಲೆ ತಿರುಗಿಸಿ ತೆಗೆದ. ತಲೆ ಸವೆದವನ್ನು ಕೀಳಲಿಲ್ಲ. ಗೋಡೆಯ ಮಟ್ಟಕ್ಕೆ ಕೊಯ್ದು ಬಿಟ್ಟ. ಬೆಣೆಗಳನ್ನು ಉಳಿಯಿಂದ ನಡುವೆ ಸೀಳಿ, ಚೂರು ಚೂರಾಗಿ ಹೊರತೆಗೆದ. ಗೋಡೆಗೆ ಗೊತ್ತೇ ಆಗಲಿಲ್ಲ.

ಮರದ ಪಟ್ಟಿ ಬಿಚ್ಚಿದಾಗ ಹಿಂದೆ ಗೋಡೆಯ ಹಳೇ ಬಣ್ಣಗಳು ಪದರ ಪದರವಾಗಿ ಸಿಕ್ಕವು. ತೀರಾ ಒಳಗೆ ಸುಣ್ಣ, ಮೇಲೆ ನೀಲಿ, ಮೇಲೆ ಹಳದಿ. ಕೊಟ್ಟಿಗೆಯ ವೈರಿನ ಸಿಪ್ಪೆ ಸುಲಿದು ನೋಡಿದರೆ ಒಳಗೆ ಅಲ್ಯೂಮಿನಿಯಂ. ಅರವತ್ತು, ಎಪ್ಪತ್ತರ ದಶಕದಲ್ಲಿ ತಾಮ್ರ ಹೊರದೇಶದಿಂದ ಬರಬೇಕಿತ್ತು, ದುಬಾರಿ. ಮನೆಗಳ ವೈರಿಂಗಿಗೂ ಅಲ್ಯೂಮಿನಿಯಂ ಹಾಕುತ್ತಿದ್ದರು. ಎರಡು ಸಲ ಬಗ್ಗಿಸಿದರೆ ಲಟಕ್ಕನೆ ಮುರಿಯಿತು. "ಗುಜರಿಯವನು ಇದಕ್ಕೆ ಏನೂ ಕೊಡಲ್ಲ ಅಣ್ಣ" ಎಂದ ಹುಡುಗ.

ನಮ್ಮನೆಗೆ ಕರೆಂಟು ಬಂದದ್ದು 1968ರಲ್ಲಿ. ನಡುಮನೆಗೆ ಒಂದು ಬಲ್ಬು, ಕೊಟ್ಟಿಗೆಗೆ ಒಂದು ಬಲ್ಬು. ಹಬ್ಬದ ಊಟ ಹಾಕಿಸಿದ್ದನಂತೆ ತಾತ. ಪ್ರತಿ ಸಂಪರ್ಕಕ್ಕೂ ಒಂದು ಆರ್.ಆರ್. ನಂಬರು ಇರುತ್ತದಲ್ಲ, ಅದನ್ನು ಬೋರ್ಡಿನ ಪಕ್ಕ ಕೆಂಪು ಬಣ್ಣದಲ್ಲಿ ಬರೆಸಿದ್ದ. ಹೊಲದ ಸರ್ವೆ ನಂಬರಿನ ಜೊತೆಗೆ ತಾತನಿಗೆ ಬಾಯಿಪಾಠವಿದ್ದ ನಂಬರು ಅದೊಂದೇ.

ನಮ್ಮೂರಿನಂಥ ಊರಿಗೆ ಅದು ಬಹಳ ತಡವಾಗಿ ಬಂದ ಬೆಳಕು. ಹೊರಗಿನವರು ಕೆ.ಆರ್.ಎಸ್. ಎನ್ನುವುದನ್ನು ನಾವು ಕನ್ನಂಬಾಡಿ ಕಟ್ಟೆ ಎನ್ನುತ್ತೇವೆ. ಊರಿಂದ ಕಟ್ಟೆಗೆ ಎಂಟು ಹತ್ತು ಕಿಲೋಮೀಟರು. ಕಾವೇರಿಯ ನೀರಿನಿಂದ ಕರೆಂಟು ಹುಟ್ಟಿದ್ದು 1902ರಲ್ಲಿ, ಕೆಳಗಿನ ಶಿವನಸಮುದ್ರದಲ್ಲಿ. ಅದು ಹೋದದ್ದು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗೆ. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ, ಆಮೇಲೆ ಮೈಸೂರಿಗೆ. ಬೇಸಿಗೆಯಲ್ಲಿ ಹೊಳೆ ಸೊರಗಿದರೆ ಶಿವನಸಮುದ್ರದ ಯಂತ್ರಗಳೂ ಸೊರಗುತ್ತಿದ್ದವು, ಗಣಿಗೆ ಕರೆಂಟು ಸಾಲುತ್ತಿರಲಿಲ್ಲ. ಮಳೆಗಾಲದ ನೀರನ್ನು ಕೂಡಿಟ್ಟು ಬೇಸಿಗೆಯಲ್ಲಿ ಬಿಡುವ ಏರ್ಪಾಡು ಬೇಕಾಯಿತು. 1911ರಲ್ಲಿ ಕಟ್ಟೆಯ ಕೆಲಸ ಶುರುವಾದದ್ದಕ್ಕೆ ಅದೂ ಒಂದು ಕಾರಣ. ಮಂಡ್ಯ ಸೀಮೆಗೆ ನೀರಾವರಿ ಇನ್ನೊಂದು. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ನಮ್ಮ ಕಡೆ ದೇವರ ಪಟದ ಪಕ್ಕ ಇಡುವುದು ಆ ನೀರಾವರಿಯ ಋಣಕ್ಕೆ. ಹಳೇ ಕನ್ನಂಬಾಡಿ ಮುಳುಗಿತು. ಸುಮಾರು ಇಪ್ಪತ್ತು ವರ್ಷ ನಡೆದ ಆ ಕೆಲಸದಲ್ಲಿ ತಾತನ ಅಪ್ಪ ಕೂಲಿಯಾಳಾಗಿ ಕಲ್ಲು ಹೊತ್ತವನು. ಅವನ ಮನೆಯಲ್ಲಿ ಸಾಯುವವರೆಗೂ ಹರಳೆಣ್ಣೆ ದೀಪವೇ ಉರಿದದ್ದು.

ಕಟ್ಟೆಯ ಕೆಳಗೆ ಬೃಂದಾವನ ಬಂತು. ಬಣ್ಣದ ಕಾರಂಜಿ ನೋಡಲು ದೇಶವೆಲ್ಲ ಬಂತು. ನಾನು ಚಿಕ್ಕವನಿದ್ದಾಗ ಸಂಜೆ ಮಾಳಿಗೆ ಹತ್ತಿದರೆ ಆ ದಿಕ್ಕಿನ ಆಕಾಶ ಮಂಕಾಗಿ ಬೆಳ್ಳಗಿರುತ್ತಿತ್ತು. "ದೀಪದ ಬುಡದಲ್ಲೇ ಕತ್ತಲೆ ಕಣ್ಲಾ" ಎನ್ನುತ್ತಿದ್ದ ತಾತ. ಅವನು ಸರ್ಕಾರವನ್ನು ಬೈಯುತ್ತಿದ್ದಾನೆ ಎಂದುಕೊಳ್ಳುತ್ತಿದ್ದೆ. ಅದೇ ಮಾತು ನಮ್ಮನೆಗೂ ಸಲ್ಲುತ್ತದೆ ಎಂದು ತಿಳಿಯಲು ತಾತ ಸಾಯಬೇಕಾಯಿತು.

ತಾತ ಹೋದದ್ದು 1987ರಲ್ಲಿ. ವರ್ಷ ತುಂಬುವುದರೊಳಗೆ ಭಾಗವಾಯಿತು. ದೊಡ್ಡ ಮನೆ ಅಪ್ಪನಿಗೆ, ಸಂದಿಯಾಚೆಗಿನ ಹಿತ್ತಲ ಮನೆ ಚಿಕ್ಕಪ್ಪನಿಗೆ. ಗದ್ದೆ, ಎತ್ತು, ಕೊಳಗ, ಕೊನೆಗೆ ಒನಕೆ ಕೂಡ ಭಾಗವಾದವು. ಭಾಗವಾಗದೆ ಉಳಿದದ್ದು ಕರೆಂಟು. ಮೀಟರು ದೊಡ್ಡ ಮನೆಯಲ್ಲಿತ್ತು, ಆರ್.ಆರ್. ನಂಬರು ತಾತನ ಹೆಸರಿನಲ್ಲಿ. ಆದ್ದರಿಂದ ನಮ್ಮ ಬೋರ್ಡಿನಿಂದಲೇ ಎರಡು ವೈರು ಎಳೆದು, ಗೋಡೆಯ ಮೇಲೆ ಹೊಡೆದು, ಸಂದಿ ದಾಟಿಸಿ ಚಿಕ್ಕಪ್ಪನ ಮನೆಗೆ ಕೊಟ್ಟರು. ಬಿಲ್ಲು ಅರ್ಧರ್ಧ. ಕ್ಲಾಂಪುಗಳನ್ನು ಹೊಡೆದದ್ದು ಅಪ್ಪ ಚಿಕ್ಕಪ್ಪ ಇಬ್ಬರೂ ಸೇರಿ. ಒಬ್ಬರು ಏಣಿ ಹಿಡಿದಿದ್ದರು, ಒಬ್ಬರು ಹತ್ತಿದ್ದರು.

ಒಂದು ವರ್ಷ ನಡೆಯಿತು. ನಮ್ಮನೆಗೆ ಟೀವಿ ಬಂದ ಮೇಲೆ ಬಿಲ್ಲು ಏರಿತು. ಚಿಕ್ಕಪ್ಪ ಅರ್ಧ ಕೊಡಲು ಒಪ್ಪಲಿಲ್ಲ. ಅವನ ಮಾತು ನ್ಯಾಯವಾಗಿಯೇ ಇತ್ತು. ಅವನ ಮನೆಯಲ್ಲಿದ್ದದ್ದು ಎರಡು ಬಲ್ಬು. ಆದರೆ ಅದನ್ನು ಅವನು ಹೇಳಿದ್ದು ಅರಳಿಕಟ್ಟೆಯಲ್ಲಿ, ನಾಲ್ಕು ಜನರ ಮುಂದೆ. ಅಪ್ಪನಿಗೆ ನೋವಾದದ್ದು ದುಡ್ಡಿಗಲ್ಲ, ಆ ನಾಲ್ಕು ಜನಕ್ಕೆ.

1989ರ ಫೆಬ್ರವರಿ. ಸಂಜೆ ಏಳರ ಸಮಯ. ಅಪ್ಪ ಗದ್ದೆಯಿಂದ ಬಂದು ಕೈಕಾಲು ತೊಳೆಯದೆ ಜಗಲಿಯ ಮೇಲೆ ಕೂತು, ನನ್ನ ಕಡೆ ನೋಡದೆ ಹೇಳಿದ: "ಅವ್ರದ್ದು ಫ್ಯೂಸ್ ಕಿತ್ತಾಕ್ಲಾ."

ನನಗೆ ಹದಿಮೂರು ವರ್ಷ. ಬೋರ್ಡಿನ ಬಲಗಡೆ ಹಿತ್ತಲ ಮನೆಯ ಲೈನಿಗೆಂದು ಎರಡು ಪಿಂಗಾಣಿ ಫ್ಯೂಸುಗಳಿದ್ದವು. ಸ್ಟೂಲು ಹತ್ತಿ ಒಂದನ್ನು ಹಿಡಿದು ಎಳೆದೆ. ಕಿಟಕಿಯಿಂದ ಸಂದಿಗೆ ಬೀಳುತ್ತಿದ್ದ ಬೆಳಕು ಹೋಯಿತು. ಆ ಕಡೆ ಮನೆಯಿಂದ ಚಿಕ್ಕವ್ವನ ದನಿ ಕೇಳಿತು: "ಕರೆಂಟು ಓಯ್ತಾ?" ಅಕ್ಕನ ದನಿ: "ಅವರ ಮನೇಲಿ ಐತೆ ಕನವ್ವ." ಅಷ್ಟೇ. ಆಮೇಲೆ ಯಾರೂ ಏನೂ ಕೇಳಲಿಲ್ಲ. ಕಿತ್ತ ಫ್ಯೂಸನ್ನು ಚಡ್ಡಿ ಜೇಬಿಗೆ ಹಾಕಿಕೊಂಡೆ. ಇನ್ನೊಂದನ್ನು ಕೀಳುವ ಅಗತ್ಯ ಕಾಣಲಿಲ್ಲ. ಬೆಳಕು ಹೋಗಿತ್ತಲ್ಲ.

ಅವರಿಗೆ ಬೇರೆ ಮೀಟರು ಸಿಗಲು ಒಂಬತ್ತು ತಿಂಗಳು ಹಿಡಿಯಿತು. ಖಾತೆ ಇನ್ನೂ ತಾತನ ಹೆಸರಿನಲ್ಲಿತ್ತು, ಅಪ್ಪನ ಒಪ್ಪಿಗೆ ಪತ್ರ ಬೇಕಿತ್ತು, ಅಪ್ಪ ಬರೆದುಕೊಡಲಿಲ್ಲ. ಒಂಬತ್ತು ತಿಂಗಳು ಸಂದಿಯಾಚೆ ಲಾಟೀನು ಉರಿಯಿತು. ಅಕ್ಕನಿಗೆ ಆ ವರ್ಷ ಎಸ್.ಎಸ್.ಎಲ್.ಸಿ. ನಾನು ಈ ಕಡೆ ಟ್ಯೂಬ್‌ಲೈಟಿನ ಕೆಳಗೆ ಟೀವಿ ನೋಡುವಾಗ, ಕಿಟಕಿಯಲ್ಲಿ ಅವಳ ಬಗ್ಗಿದ ತಲೆಯ ನೆರಳು ಅವರ ಗೋಡೆಯ ಮೇಲೆ ದೊಡ್ಡದಾಗಿ ಅಲ್ಲಾಡುತ್ತಿತ್ತು. ಗಣಿತದಲ್ಲಿ ಅವಳಿಗೆ ಮೂವತ್ತೊಂದು ಬಂತು. ಮತ್ತೆ ಕಟ್ಟಿ ಪಾಸು ಮಾಡಿದಳು. ಅಷ್ಟರಲ್ಲಿ ಮದುವೆ ಗೊತ್ತಾಗಿತ್ತು.

ದೀಪ ಇದ್ದಿದ್ದರೆ ಆ ನಾಲ್ಕು ಅಂಕ ಬರುತ್ತಿತ್ತು ಎಂದು ಯಾರೂ ಹೇಳಲಾರರು. ಬರುತ್ತಿರಲಿಲ್ಲ ಎಂದೂ ಹೇಳಲಾರರು. ನಾನು ಎರಡನ್ನೂ ಬಹಳ ಸಲ ಹೇಳಿಕೊಂಡಿದ್ದೇನೆ.

ಅಪ್ಪ ಚಿಕ್ಕಪ್ಪ ಆಮೇಲೆ ಮಾತಾಡಿದರು. ಹತ್ತು ವರ್ಷದ ಮೇಲೆ, ಯಾರದೋ ಸಾವಿನ ಮನೆಯಲ್ಲಿ, ಮಾತು ತಾನಾಗಿಯೇ ಬಂತು. ಕೊನೆಗಾಲದಲ್ಲಿ ಅಪ್ಪನನ್ನು ಆಸ್ಪತ್ರೆಗೆ ಕರೆದೊಯ್ದವನು ಚಿಕ್ಕಪ್ಪನೇ. ಆದರೆ ಆ ಸಂಜೆಯ ವಿಷಯ ಇಬ್ಬರೂ ಎತ್ತಲಿಲ್ಲ. ಫ್ಯೂಸು ಕಿತ್ತದ್ದು ಅಪ್ಪ ಎಂದೇ ಚಿಕ್ಕಪ್ಪ ಕೊನೆಯವರೆಗೂ ತಿಳಿದಿದ್ದ. ಅಪ್ಪ ಅದನ್ನು ತಿದ್ದಲಿಲ್ಲ. ನಾನೂ ತಿದ್ದಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುಂಭಾಗದ ಗೋಡೆ ಖಾಲಿಯಾಗಿತ್ತು. ಊಟಕ್ಕೆ ಎದ್ದಾಗ ಮನೆಯಾಕೆ ಮಿಕ್ಸಿಗೆ ಕರೆಂಟು ಬೇಕೆಂದು ಮೇನ್ ಸ್ವಿಚ್ ಹಾಕಿದಳು. ಊಟ ಮುಗಿಸಿ ಬಂದ ನಾವು ಅದನ್ನು ಮರೆತೆವು. ಮರೆತೆವು ಎನ್ನುವುದಕ್ಕಿಂತ, ಉಳಿದಿದ್ದದ್ದು ಸಂದಿಯ ವೈರು, ಅದಕ್ಕೆ ಮೇನ್ ಆರಿಸಬೇಕೆಂದು ಅನ್ನಿಸಲೇ ಇಲ್ಲ ಎನ್ನುವುದು ಸರಿ. ಅದು ಸತ್ತ ವೈರು ಎಂಬುದು ಇಡೀ ಮನೆಗೆ ಗೊತ್ತಿದ್ದ ಸಂಗತಿ.

ಆದರೂ ಹುಡುಗ ಚಿಕ್ಕಪ್ಪನ ಮನೆ ಕಡೆಯ ತುದಿಯ ಟೇಪು ಬಿಚ್ಚಿ, ಎರಡೂ ವೈರಿಗೆ ಹೋಲ್ಡರ್ ಸಿಕ್ಕಿಸಿ ಬಲ್ಬು ಹಾಕಿ ನೋಡಿದ. ಹತ್ತಲಿಲ್ಲ. "ಡೆಡ್ ಅಣ್ಣ" ಎಂದ. ನಾನು ಬಿದಿರೇಣಿ ಹತ್ತಿ ಕಟಿಂಗ್ ಪ್ಲೇಯರ್ ಎತ್ತಿದೆ. ಅದು ಅಪ್ಪನ ಕಾಲದ್ದು, ಹಿಡಿಯ ರಬ್ಬರು ಎಂದೋ ಕಳಚಿಹೋಗಿತ್ತು. ಒಂದು ಕೈಯಲ್ಲಿ ಸಂದಿ ದಾಟುವ ಕಬ್ಬಿಣದ ತಂತಿ ಹಿಡಿದಿದ್ದೆ.

"ಒಂದ್ ನಿಮಿಷ ಅಣ್ಣ, ಇಳೀರಿ" ಎಂದ ಹುಡುಗ. ಯಾಕೆಂದು ಅವನಿಗೂ ಗೊತ್ತಿರಲಿಲ್ಲವಂತೆ. ಬಲ್ಬು ನೋಡಿದ ಮೇಲೂ ಟೆಸ್ಟರು ಇಟ್ಟು ನೋಡಬೇಕೆಂದು ಮೇಷ್ಟ್ರು ಹೇಳಿಕೊಟ್ಟಿದ್ದರು, ಅದು ಅಭ್ಯಾಸ. ಒಳಗೆ ಹೋಗಿ, ಕರೆಂಟಿರುವ ಪ್ಲಗ್ಗಿನಲ್ಲಿ ಟೆಸ್ಟರು ಸರಿಯಿದೆಯೇ ಎಂದು ನೋಡಿಕೊಂಡು ಬಂದು, ಏಣಿ ಹತ್ತಿ ಒಂದು ವೈರಿನ ತುದಿಗೆ ಮುಟ್ಟಿಸಿದ. ಏನಿಲ್ಲ. ಇನ್ನೊಂದಕ್ಕೆ ಮುಟ್ಟಿಸಿದ.

ಟೆಸ್ಟರಿನ ಹೊಟ್ಟೆಯಲ್ಲಿ ಸಣ್ಣ ಕೆಂಪು ದೀಪ ಹತ್ತಿಕೊಂಡಿತು.

ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವನು ಓಡಿಹೋಗಿ ಮೇನ್ ಆರಿಸಿದ. ಆಮೇಲೆ ಬೋರ್ಡು ಬಿಚ್ಚಿ ನನಗೆ ತೋರಿಸಿದ. ಮನೆಗೆ ಬರುವ ಎರಡು ವೈರಿನಲ್ಲಿ ಒಂದು ಫೇಸು, ಒಂದು ನ್ಯೂಟ್ರಲ್. ಫೇಸಿನಲ್ಲಿ ಕರೆಂಟು ಬರುತ್ತದೆ, ಬಲ್ಬಿನ ಮೂಲಕ ಹಾದು ನ್ಯೂಟ್ರಲ್‌ನಲ್ಲಿ ಮರಳುತ್ತದೆ. ದಾರಿ ಎಲ್ಲಿ ಕಡಿದರೂ ಬಲ್ಬು ಆರುತ್ತದೆ. ಕಡಿಯಬೇಕಾದದ್ದು ಫೇಸಿನ ಕಡೆ. ನ್ಯೂಟ್ರಲ್ ಒಂದರ ಮೇಲೆ ಫ್ಯೂಸಾಗಲಿ ಸ್ವಿಚ್ಚಾಗಲಿ ಹಾಕಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲೇ ಇದೆ. ಆದರೂ ಹಳೇ ಮನೆಗಳ ಬೋರ್ಡುಗಳಲ್ಲಿ ಎರಡೂ ಕಡೆ ಪಿಂಗಾಣಿ ಫ್ಯೂಸು ಕೂತಿರುತ್ತವೆ. ನಮ್ಮದರಲ್ಲೂ ಕೂತಿದ್ದವು. ನಾನು ಕಿತ್ತದ್ದು ನ್ಯೂಟ್ರಲ್ ಕಡೆಯದು.

ಅಂದರೆ ಕರೆಂಟು ಹೋಗಿರಲೇ ಇಲ್ಲ. ಮರಳಿ ಬರುವ ದಾರಿ ಮಾತ್ರ ಇಲ್ಲವಾಗಿತ್ತು. ಆ ಸಂಜೆ ಹಿತ್ತಲ ಮನೆಯ ಬಲ್ಬಿನ ಬಾಗಿಲವರೆಗೂ ಕರೆಂಟು ಬಂದು ನಿಂತಿತ್ತು. ಮುಂದಿನ ಮೂವತ್ತೈದು ವರ್ಷವೂ ಅಲ್ಲೇ ನಿಂತಿತ್ತು. ನಡುವೆ ಮೀಟರು ಬದಲಾಯಿತು. ಮೈಸೂರು ರಾಜ್ಯ ವಿದ್ಯುತ್ ಮಂಡಳಿಯಾಗಿ 1957ರಲ್ಲಿ ಶುರುವಾದದ್ದು ಕೆ.ಇ.ಬಿ. ಆಗಿ, ಆಮೇಲೆ ಒಡೆದು, 2005ರಿಂದ ನಮ್ಮ ಕಡೆಗೆ ಸೆಸ್ಕ್ ಆಯಿತು. ಊರಿನವರ ಬಾಯಲ್ಲಿ ಈಗಲೂ ಕೆ.ಇ.ಬಿ.ಯೇ. ನಮ್ಮನೆಗೆ ಎಂ.ಸಿ.ಬಿ. ಪೆಟ್ಟಿಗೆ ಬಂತು. ಆದರೆ ಅಡಿಗೆಮನೆಯ ಲೈನು ಹಳೇ ಬೋರ್ಡಿನ ಮೇಲೇ ಇದ್ದದ್ದರಿಂದ ಹೊಸ ಪೆಟ್ಟಿಗೆಯಿಂದ ಅದಕ್ಕೊಂದು ವೈರು ಕೊಟ್ಟು ಹಾಗೇ ಬಿಟ್ಟಿದ್ದರು. ಉಳಿದ ಒಂದು ಫ್ಯೂಸಿನ ಮೂಲಕ ಸಂದಿಯ ವೈರಿಗೆ 230 ವೋಲ್ಟು ಹೋಗುತ್ತಲೇ ಇತ್ತು.

ಬಲ್ಬು ಅದನ್ನು ಹೇಳಲಿಲ್ಲ. ಬಲ್ಬು ಹತ್ತಬೇಕಾದರೆ ಎರಡೂ ವೈರು ಸರಿಯಿರಬೇಕು. ಟೆಸ್ಟರಿಗೆ ಒಂದೇ ಸಾಕು. ಇನ್ನೊಂದು ದಾರಿ ಅದನ್ನು ಹಿಡಿದವನ ಮೈಯೇ. ಮೈಗೆ ತಿಳಿಯದಷ್ಟು ಸಣ್ಣ ಕರೆಂಟು ಅದರೊಳಗಿಂದ ಹಾದು, ನಮ್ಮ ಮೂಲಕ ನೆಲ ಸೇರುತ್ತದೆ. ಟೆಸ್ಟರಿಲ್ಲದೆ ನಾನು ಮುಟ್ಟಿದ್ದರೂ ಅದೇ ದಾರಿ, ಆದರೆ ಆಗ ಅದು ಸಣ್ಣದಾಗಿರುತ್ತಿರಲಿಲ್ಲ. ಬೆಳಕಿಲ್ಲ ಎಂದರೆ ಕರೆಂಟಿಲ್ಲ ಎಂದು ಅರ್ಥವಲ್ಲ. ಹುಡುಗ ಇದನ್ನು ಪಾಠ ಒಪ್ಪಿಸಿದಂತೆ ಹೇಳಿದ. ನಾನು ಸಂದಿಯ ಆಚೆ ತುದಿ ನೋಡುತ್ತಿದ್ದೆ.

ಅಲ್ಲಿ ಕಬ್ಬಿಣದ ತಂತಿಯ ಮೇಲೆ ಚಿಕ್ಕವ್ವನ ಎರಡು ಸೀರೆ ಒಣಗುತ್ತಿದ್ದವು.

ಈ ಸೀರೆಗಳನ್ನು ಮೊದಲೂ ಎಷ್ಟೋ ಸಲ ನೋಡಿದ್ದೆ. ವೈರಿನ ಆಸರೆಗೆಂದು ಕಟ್ಟಿದ್ದ ಆ ತಂತಿ ವರ್ಷಗಳಲ್ಲಿ ಜೋತು, ಕೈಗೆಟಕುವಷ್ಟು ಕೆಳಗಿಳಿದಿತ್ತು. ಕೆಲಸಕ್ಕೆ ಬಾರದ ವೈರು, ಬಟ್ಟೆಗಾದರೂ ಆಗಲಿ ಎಂದು ಚಿಕ್ಕವ್ವ ಅದರ ಮೇಲೆ ಬಟ್ಟೆ ಹಾಕುತ್ತಾ ಬಂದಿದ್ದಳು. ತಂತಿಯ ಮೈಗೆ ಸುತ್ತಿಕೊಂಡು ಆ ಎರಡು ವೈರೂ ಇದ್ದವು. ಹತ್ತಿರ ಹೋಗಿ ನೋಡಿದರೆ ಬಿಸಿಲಿಗೆ ಸಿಪ್ಪೆ ಗಡುಸಾಗಿ, ಬಾಯಾರಿದ ಗದ್ದೆಯಂತೆ ಬಿರಿದಿತ್ತು. ಒಂದು ಕಡೆ ಬಿರುಕಿನಲ್ಲಿ ಲೋಹ ಕಾಣುತ್ತಿತ್ತು. ಅದಕ್ಕೂ ಕಬ್ಬಿಣದ ತಂತಿಗೂ ನಡುವೆ ಉಗುರಿನಷ್ಟು ಜಾಗ. ಮಳೆಗಾಲದಲ್ಲಿ ಬಟ್ಟೆ ಒಣಹಾಕಲು ಹೋಗಿ ತಂತಿಗೆ ಕರೆಂಟು ತಗುಲಿ ಸತ್ತವರ ಸುದ್ದಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಓದುತ್ತೇವಲ್ಲ, ಉಗುರಿನಷ್ಟು ಜಾಗ ಮುಚ್ಚಿದ್ದರೆ ನಮ್ಮೂರಿನ ಹೆಸರೂ ಅಲ್ಲಿ ಬರುತ್ತಿತ್ತು.

ಚಿಕ್ಕವ್ವ ಜಗಲಿಯ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ಎಪ್ಪತ್ತೈದು ದಾಟಿದೆ. ಹೋಗಿ ಪಕ್ಕ ಕೂತೆ. ವೈರಿನಲ್ಲಿ ಕರೆಂಟಿತ್ತು ಎಂದು ಹೇಳಿದೆ. ಅವಳು ಕಾಯಿ ಬಿಡಿಸುವುದು ನಿಲ್ಲಿಸಿ ಸೀರೆಗಳನ್ನು ನೋಡಿದಳು.

"ಅದ್ಯಾವಾಗ್ಲಾ ಬಂತು?"

"ಯಾವಾಗ್ಲೂ ಇತ್ತು ಚಿಕ್ಕವ್ವ. ಅವತ್ತಿಂದ್ಲೂ ಇತ್ತು."

ಅವತ್ತು ಎಂದರೆ ಯಾವತ್ತು ಎಂದು ಅವಳು ಕೇಳಲಿಲ್ಲ. ನಾನು ಹೇಳಿದೆ. ಹೇಳಬೇಕೆಂದು ಹೊರಟವನಲ್ಲ. ವೈರಿನ ವಿಷಯ ಪೂರ್ತಿ ಹೇಳಬೇಕಾದರೆ ಎರಡು ಫ್ಯೂಸಿನಲ್ಲಿ ಒಂದನ್ನು ಮಾತ್ರ ಕಿತ್ತದ್ದು ಹೇಳಬೇಕಿತ್ತು. ಅದನ್ನು ಹೇಳಬೇಕಾದರೆ ಕಿತ್ತವರು ಯಾರೆಂದು ಹೇಳಬೇಕಿತ್ತು. ಮೂವತ್ತೈದು ವರ್ಷ ಬಾಯಿಗೆ ಬಾರದ ಮಾತು ಕರೆಂಟಿನ ಲೆಕ್ಕ ಒಪ್ಪಿಸುವಾಗ ಬಂದುಬಿಟ್ಟಿತು. ಅಪ್ಪ ಹೇಳಿದ, ನಾನು ಕಿತ್ತೆ, ಎಂದೆ. ಹಾಗೆ ಹೇಳುವಾಗಲೂ ಅಪ್ಪನನ್ನು ಮುಂದಿಟ್ಟುಕೊಂಡಿದ್ದೇನೆ ಎಂದು ನನಗೇ ಕೇಳಿಸಿತು. "ನಾನು ಕಿತ್ತೆ" ಎಂದು ಇನ್ನೊಂದು ಸಲ ಹೇಳಿದೆ.

ಚಿಕ್ಕವ್ವ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕಿತ್ತಿದ್ದ ಏನ್ ಮಾಡ್ದೆ?" ಎಂದಳು.

"ನಾಲೆಗೆ ಎಸೆದೆ." ನಿಜ. ಒಂದು ವಾರ ಜೇಬಿನಲ್ಲಿಟ್ಟುಕೊಂಡಿದ್ದು, ಸ್ಕೂಲಿಗೆ ಹೋಗುವಾಗ ವಿ.ಸಿ. ನಾಲೆಯ ಸೇತುವೆಯಿಂದ ಎಸೆದಿದ್ದೆ.

"ನಿಮ್ ಚಿಕ್ಕಪ್ಪ ಸಾಯೋಗಂಟ ನಿಮ್ಮಪ್ಪನ್ನೇ ಅಂದ್ಕಂಡಿದ್ದ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ಮೊದ್ಲೇ ಯೋಳಿದ್ರೆ ಇಬ್ರೂ ಒಂದಷ್ಟು ವರ್ಷ ಮುಂಚೆ ಮಾತಾಡೋರೇನೋ. ಮಕ್ಳು ಕಿತ್ರು ಅಂದ್ರೆ ಯಾರ್ ಅಷ್ಟೊಂದು ಸಾಧಿಸ್ತಾರೆ."

ಈ ಮಾತು ನನಗೆ ಎಂದೂ ಹೊಳೆದಿರಲಿಲ್ಲ. ಸುಮ್ಮನಿದ್ದು ನನ್ನನ್ನು ನಾನು ಉಳಿಸಿಕೊಳ್ಳುತ್ತಿದ್ದೇನೆ ಎಂದಷ್ಟೇ ಗೊತ್ತಿತ್ತು. ಅದರಿಂದ ಬೇರೆಯವರ ದಾರಿ ಕಡಿದಿದ್ದೇನೆ ಎಂದು ಗೊತ್ತಿರಲಿಲ್ಲ.

"ಅವಳಿಗೆ ನೀನೇ ಯೋಳು. ನಾನ್ ಯೋಳಲ್ಲ" ಎಂದಳು ಚಿಕ್ಕವ್ವ. ಅವಳು ಎಂದರೆ ಅಕ್ಕ. ಆಮೇಲೆ ಮೊರ ಎತ್ತಿಕೊಂಡು ಒಳಗೆ ಹೋಗುತ್ತಾ ತಿರುಗಿ, "ತಂತಿ ಕಿತ್ತಾಕಿದ್ರೆ ಬಟ್ಟೆ ಎಲ್ಲಾಕ್ಲಿ? ಒಂದು ಅಗ್ಗ ಕಟ್ಕೊಡು" ಎಂದಳು.

ಸಂಜೆಯೊಳಗೆ ಸಂದಿಯ ವೈರೂ ಇಳಿಯಿತು. ಮೇನ್ ಆರಿಸಿ, ಉಳಿದ ಫ್ಯೂಸು ಕಿತ್ತು, ಬೋರ್ಡಿನ ಕಡೆಯಿಂದಲೇ ಎರಡೂ ವೈರು ಕಳಚಿ, ಮತ್ತೊಮ್ಮೆ ಟೆಸ್ಟರು ಇಟ್ಟು, ಆಮೇಲೆ ಒಂದೊಂದಾಗಿ ಕತ್ತರಿಸಿದೆವು. ಹುಡುಗ ಕೊಟ್ಟ ರಬ್ಬರು ಹಿಡಿಯ ಪ್ಲೇಯರಿನಲ್ಲಿ ನಾನೇ ಕತ್ತರಿಸಿದೆ. ಗೋಡೆಯಲ್ಲಿ ಹದಿನಾಲ್ಕು ಕ್ಲಾಂಪು. ಹದಿನಾಲ್ಕನ್ನೂ ಅಪ್ಪ ಚಿಕ್ಕಪ್ಪ ಸೇರಿ ಹೊಡೆದದ್ದು, ಒಂದೂ ಅಲುಗಾಡುತ್ತಿರಲಿಲ್ಲ.

ತೂತುಗಳಿಗೆ ಸಿಮೆಂಟು ತುಂಬಲು ಹೊರಟಿದ್ದೆ. ಊರಿನ ಹಳೇ ಗಾರೆ ಕೆಲಸದವರೊಬ್ಬರು ಬೈದರು. ಸುಣ್ಣದ ಗೋಡೆ ಮೆತ್ತಗೆ, ಉಸಿರಾಡುತ್ತದೆ. ಸಿಮೆಂಟು ಗಡುಸು, ತೇವ ಹೊರಬಿಡುವುದಿಲ್ಲ. ನಾಲ್ಕು ಮಳೆಗಾಲದಲ್ಲಿ ಸಿಮೆಂಟಿನ ಬಿಲ್ಲೆ ಸುತ್ತಲಿನ ಗಾರೆಯನ್ನೂ ಎಬ್ಬಿಸಿಕೊಂಡು ಉದುರುತ್ತದೆ. ಸುಣ್ಣ, ಮರಳು, ಸುಟ್ಟ ಇಟ್ಟಿಗೆಯ ಪುಡಿ ಸೇರಿಸಿ ಕಲಸಿಕೊಟ್ಟರು. "ಕನ್ನಂಬಾಡಿ ಕಟ್ಟೆ ನಿಂತಿರೋದು ಇದ್ರಲ್ಲೇ ಕನಪ್ಪ, ಸಿಮೆಂಟಲ್ಲಲ್ಲ" ಎಂದರು. ಅದು ನಿಜ. ಆ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಸುರ್ಕಿ ಗಾರೆ. ತೂತಿಗೆ ಮೊದಲು ನೀರು ಚಿಮುಕಿಸಿ, ಧೂಳು ಕುಳಿತ ಮೇಲೆ ಒಳಗಿನಿಂದ ಸ್ವಲ್ಪ ಸ್ವಲ್ಪವೇ ತುಂಬಿ, ಮೇಲೆ ಕರಣೆಯಿಂದ ಒತ್ತಿ ತಿಕ್ಕಬೇಕು. ಆಮೇಲೆ ದಿನಕ್ಕೆರಡು ಸಲ ಒದ್ದೆ ಮಾಡುತ್ತಿರಬೇಕು. ಬೇಗ ಒಣಗಿದರೆ ಬಿರಿಯುತ್ತದೆ. ಎರಡು ವಾರವಾದರೂ ಬಣ್ಣ ಮುಟ್ಟಿಸಬಾರದು.

ಬಣ್ಣದವನಿಗೆ ಫೋನು ಮಾಡಿ ಹಬ್ಬ ಕಳೆದ ಮೇಲೆ ಬಾ ಎಂದೆ. ಗೊಣಗಿದ.

ಹೀಗಾಗಿ ಯುಗಾದಿಗೆ ನಮ್ಮ ಗೋಡೆ ಸಿಡುಬು ಎದ್ದವರ ಮುಖದಂತಿತ್ತು. ಹಿಂದಿನ ದಿನ ಮಧ್ಯಾಹ್ನ ಅಕ್ಕ ಬಂದಳು. ಬಸ್ಸಿಳಿದು ಬಂದವಳು ಸಂದಿಯಲ್ಲಿ ನಿಂತು ಗೋಡೆ ನೋಡಿದಳು, ಹೊಸ ಪ್ಲಾಸ್ಟಿಕ್ ಹಗ್ಗ ನೋಡಿದಳು. "ಇದೇನ್ಲಾ, ಗೋಡೆ ತುಂಬಾ ಬೊಟ್ಟು ಇಟ್ಟಿದ್ದೀಯ?" ಎಂದಳು. ನಾನು ಚೊಂಬಿನಲ್ಲಿ ನೀರು ಹಿಡಿದು ಗಾರೆಗೆ ಚಿಮುಕಿಸುತ್ತಿದ್ದೆ. ಚಿಕ್ಕವ್ವ ಬಾಗಿಲಲ್ಲಿ ಬಂದು ನಿಂತು ನನ್ನನ್ನೇ ನೋಡಿದಳು, ಏನೂ ಹೇಳದೆ ಒಳಗೆ ಹೋದಳು.

"ಕೂತ್ಕೊ ಅಕ್ಕ" ಎಂದೆ. "ವೈರು ಕೀಳಿಸ್ದೆ. ಅದರ ವಿಷಯ ಒಂದು ಹೇಳ್ಬೇಕು."

ಅವಳು ಬ್ಯಾಗು ಕೆಳಗಿಟ್ಟು ಜಗಲಿಯ ಮೇಲೆ ಕೂತಳು. ಇನ್ನೂ ನಾಲ್ಕು ಬೊಟ್ಟಿಗೆ ನೀರು ಹಾಕುವುದು ಬಾಕಿಯಿತ್ತು. ಚೊಂಬು ಕೆಳಗಿಟ್ಟೆ.